ಕೆಲವು ದಿನಗಳಾದ ಮೇಲೆ

ಫೆಬ್ರುವರಿ ೯, ರವಿವಾರ

ಇವತ್ತು ನನ್ನ ಕಾದಂಬರಿ ಬಿಡುಗಡೆಯಾಯಿತು. ಮೊರಬದ ಟೇಲರ್ ಸುವರ್ಣಾ ಇನ್ನು ಮೇಲೆ ಲೇಖಕಿ ಸುವರ್ಣಾ. ಬರೆದು ನೋಡಿದೆ, ಚೆಂದ ಕಾಣುತ್ತದೆ. ಇನ್ನೂ ನಾಲ್ಕು ಸಲ ಬರೆಯಬಹುದು, ಇಲ್ಲಿ ನೋಡುವವರು ಯಾರಿದ್ದಾರೆ?

ಪುಸ್ತಕದ ಹೆಸರು ‘ಎರಡನೇ ಅಳತೆ’. ಪ್ರಕಾಶಕರೆಲ್ಲ ಮೌನವ್ರತ ಹಿಡಿದಿದ್ದರಿಂದ ಹುಬ್ಬಳ್ಳಿಯ ಪ್ರೆಸ್ಸೊಂದರಲ್ಲಿ ನಾನೇ ಅಚ್ಚು ಹಾಕಿಸಿದೆ. ಲೇಖಕಿ ನಾನೇ, ಪ್ರಕಾಶಕಿ ನಾನೇ, ಇವತ್ತು ಶಾಲೆಯಲ್ಲಿ ಕುರ್ಚಿ ಹೊಂದಿಸಿದವಳೂ ನಾನೇ. ಕಥೆ ಇಷ್ಟು: ಪಾರವ್ವ ಎಂಬ ಸೊಸೆಗೆ ಹೊಲಿಗೆ ಮಿಷನ್ನಿನ ಆಸೆ. ಅತ್ತೆ ಬೇಡ ಅನ್ನುತ್ತಾಳೆ. ಪಾರವ್ವ ತುಟಿ ಬಿಚ್ಚದೆ ಕಾಯುತ್ತಾಳೆ. ಕೊನೆಯ ಪುಟದಲ್ಲಿ ಅತ್ತೆಯ ಮನಸ್ಸು ಕರಗುತ್ತದೆ.

ಮುಖ್ಯ ಅತಿಥಿಗಳು ಹುಬ್ಬಳ್ಳಿಯ ನಿವೃತ್ತ ಪ್ರಾಧ್ಯಾಪಕರು. ಆ ಕೊನೆಯ ಪುಟದ ಬಗ್ಗೆ ಬಹಳ ಹೊತ್ತು ಮಾತಾಡಿದರು. “ಇದು ನಮ್ಮ ಮಣ್ಣಿನ ತಾಳ್ಮೆ” ಅಂದರು, ಚಪ್ಪಾಳೆ ಬಿತ್ತು. ನಡುವಿನ ಪುಟಗಳ ಬಗ್ಗೆ ಒಂದು ಮಾತೂ ಇರಲಿಲ್ಲ ಎನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ಇರಲಿ, ದೊಡ್ಡವರಿಗೆ ಪುರುಸೊತ್ತು ಕಡಿಮೆ.

ಬಂದ ಹೆಣ್ಣುಮಕ್ಕಳಿಗೆಲ್ಲ ಅರಿಷಿಣ ಕುಂಕುಮ ಹಚ್ಚಿ, ಒಂದು ಬ್ಲೌಜಿನ ಖಣದ ಮೇಲೆ ಪುಸ್ತಕ ಇಟ್ಟು ಕೊಟ್ಟೆ. ಟೇಲರಳ ಪುಸ್ತಕ ಬರಿಗೈಯಲ್ಲಿ ಹೋಗಬಾರದು. ಪ್ರೆಸ್ಸಿನವರು ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕೊಟ್ಟಿದ್ದರಿಂದ ಎಲ್ಲ ಮಿರಿಮಿರಿ ಹೊಳೆಯುತ್ತಿದ್ದವು.

ಅತ್ತೆ ಹನಮವ್ವ ಮುಂದಿನ ಸಾಲಿನಲ್ಲೇ ಕೂತಿದ್ದರು. ಮನೆಗೆ ಬಂದು ಕಾಲು ತೊಳೆಯುವಾಗ ಕೇಳಿದರು: “ಆ ಮಾಸ್ತರು ಅಷ್ಟೊತ್ತು ಯಾವ ಅತ್ತಿ ಬಗ್ಗೆ ಮಾತಾಡಿದ್ರಬೇ?”

“ಕಥಿಯೊಳಗಿನ ಅತ್ತಿರಿ.”

“ಹಂಗಾರ ನಾ ಅಲ್ಲ ಬಿಡು” ಅಂದು ಒಳಗೆ ಹೋದರು.

ಫೆಬ್ರುವರಿ ೧೪, ಶುಕ್ರವಾರ

ವಾಟ್ಸಾಪಿನಲ್ಲಿ ಹೂಗುಚ್ಛಗಳು ಇನ್ನೂ ಬರುತ್ತಿವೆ. ಹೂವಿನ ಅಂಗಡಿ ಇಡಬಹುದು. ಪುಸ್ತಕದ ಒಂದು ಸಾಲಿನ ಬಗ್ಗೆ ಯಾರೂ ಹೇಳಿಲ್ಲ.

ಕೇಳಿದವರೆಲ್ಲ “ಓದೇನ್ರಿ, ಛಲೋ ಐತಿ” ಅನ್ನುತ್ತಾರೆ. ಏನು ಛಲೋ ಐತಿ ಅಂದರೆ “ಎಲ್ಲಾ” ಅನ್ನುತ್ತಾರೆ. ಆದರೆ ಬಾಜೂ ಮನೆಯ ಬಳೆಯಂಗಡಿ ಜೈನಬಿ ಮಾತ್ರ ಹಾಗಲ್ಲ. “ಅಕ್ಕಾ, ನಿನ್ನ ಪುಸ್ತಕ ಹಿಡಕೊಂಡು ಕುಂತೆ ನೋಡು, ಕಣ್ಣಾಗ ನೀರ ಬಂದುವು” ಅಂದಳು. ಅಷ್ಟು ಸಾಕು. ಇವತ್ತು ಎಲ್ಲ ಹೊಲಿಗೆ ನೆಟ್ಟಗೆ ಬಿದ್ದವು.

ಮಾರ್ಚ್ ೨, ರವಿವಾರ

ಪೇಪರಿನ ‘ಸಾದರ ಸ್ವೀಕಾರ’ದಲ್ಲಿ ನನ್ನ ಪುಸ್ತಕದ ಹೆಸರು ಬಂದಿದೆ! ಒಂದೇ ಸಾಲು. ಕಾದಂಬರಿ ಎನ್ನುವ ಕಡೆ ‘ಕವನ ಸಂಕಲನ’ ಎಂದು ಹಾಕಿದ್ದಾರೆ. ಮುಂಜಾನೆ ಕುಣಿದೆ, ಮಧ್ಯಾಹ್ನ ಕಣ್ಣೀರು ಹಾಕಿದೆ, ಸಂಜೆ ಮತ್ತೆ ತೆಗೆದು ನೋಡಿದೆ.

ಯಜಮಾನರು ಬಸ್ ಸ್ಟ್ಯಾಂಡಿನಲ್ಲಿದ್ದ ಪೇಪರುಗಳನ್ನೆಲ್ಲ ಕೊಂಡು ತಂದರು. ಟ್ರ್ಯಾಕ್ಟರ್ ಹೊಡೆಯುವ ಶಿದ್ಲಿಂಗಪ್ಪ ಇಷ್ಟು ಪೇಪರು ಓದುವುದು ಯಾವಾಗ ಎಂದು ಅಂಗಡಿಯವನು ನಕ್ಕನಂತೆ. “ಕವನ ಅಂದ್ರೇನಾತು, ಹೆಸರು ನಿಂದ ಐತೆಲ್ಲ” ಅಂದರು. ಒಳ್ಳೆಯ ಮನುಷ್ಯ. ಪುಸ್ತಕ ಮಾತ್ರ ಅವರೂ ಓದಿಲ್ಲ.

ಬಟ್ಟೆಯ ಕತ್ತರಿಯಿಂದಲೇ ಆ ಸಾಲು ಕತ್ತರಿಸಿದೆ. ಆ ಕತ್ತರಿಗೆ ಕಾಗದ ಮುಟ್ಟಿಸಿದರೆ ಮನೆಮಂದಿಯ ಮೇಲೆಲ್ಲ ರೇಗುವವಳು ನಾನು.

ಏಪ್ರಿಲ್ ೨೦, ರವಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಯಾರನ್ನಾದರೂ ಬೈದುಬಿಡುತ್ತೇನೆ.

ನಮ್ಮ ಓಣಿಯ ಕೆಂಚವ್ವನ ಮಗನ ಲಗ್ನ ಇತ್ತು. ಮದುಮಗಳು ಕುಂದಗೋಳದ ಹುಡುಗಿ, ಸುನೀತಾ. ಅವಳ ಬ್ಲೌಜುಗಳನ್ನೆಲ್ಲ ಹೊಲಿದವಳು ನಾನೇ, ಹಾಗಾಗಿ ಮುಂದೆ ಹೋಗಿ ಕೂತಿದ್ದೆ. ಅಕ್ಕಿಕಾಳು ಬಿದ್ದವು, ಆಯೇರಿ ಶುರುವಾಯಿತು. ಯಾರು ಏನು ಕೊಟ್ಟರು ಎಂದು ನಮ್ಮಲ್ಲಿ ಮೈಕಿನಲ್ಲಿ ಕೂಗಿ ಹೇಳಬೇಕು, ಊರೆಲ್ಲ ಕೇಳಬೇಕು. ಪಾತೇಲಿ, ಚಾದರ, ಗಡಿಯಾರ ಎಲ್ಲ ಆದವು.

“ಬಳಿ ಅಂಗಡಿ ಜೈನಬಿ ಅವರಿಂದ ಮದುಮಗಳಿಗೆ ಖಣ ಒಂದು, ಪುಸ್ತಕ ಒಂದು!”

ಖಣದ ಬಣ್ಣ ಕಂಡ ಕೂಡಲೇ ಗುರುತು ಹಿಡಿದೆ. ನಾನೇ ಕೊಟ್ಟ ಖಣ, ನಾನೇ ಬರೆದ ಪುಸ್ತಕ. ಪ್ಲಾಸ್ಟಿಕ್ಕು ಹಾಗೇ ಇತ್ತು, ಒಂದು ಮೂಲೆಯಲ್ಲಿ ನನ್ನ ಬೆರಳಿನ ಕುಂಕುಮ ಒಣಗಿತ್ತು. ಅದರ ಹಿಂದೆಯೇ ಗಿರಣಿಯವರಿಂದ ಖಣ ಒಂದು, ಪುಸ್ತಕ ಒಂದು. ಆಮೇಲೆ ಮತ್ತೊಬ್ಬರಿಂದ. ಮೈಕಿನವನಿಗೂ ನಗು ಬಂತು: “ಮದುಮಗಳು ಸಾಲಿ ಚಾಲೂ ಮಾಡಬಹುದು ನೋಡ್ರಿ!” ಮಂದಿಯೆಲ್ಲ ನಕ್ಕರು. ನಾನೂ ಹಲ್ಲು ಕಿಸಿದೆ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ.

ಊಟದ ಪಂಕ್ತಿಯಲ್ಲೇ ಜೈನಬಿಯನ್ನು ಹಿಡಿದೆ.

“ಅಯ್ಯ ಅಕ್ಕಾ, ಸಿಟ್ಟ್ಯಾಕ? ಖಣದ ಜೋಡಿ ಕೊಟ್ಟಿ, ಮ್ಯಾಲ ಪ್ಲಾಸ್ಟಿಕ್ ಬ್ಯಾರೆ. ನಾ ಆಯೇರಿ ಪೆಟ್ಟಿಗ್ಯಾಗ ಇಟ್ಟೆ. ಛಲೋ ವಸ್ತು ಅಂತನ ಕೊಟ್ಟೇನಿ. ಕೆಟ್ಟದ್ದನ್ನ ಮಂದಿಗೆ ಕೊಡಾಕ ಬರ್ತೈತೇನು?”

“ಕಣ್ಣಾಗ ನೀರ ಬಂದುವು ಅಂದಿದ್ದೆಲ್ಲ?”

“ಬಂದಿದ್ದು ಖರೇನ. ಅವತ್ತ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ.”

ಏಪ್ರಿಲ್ ೨೧, ಸೋಮವಾರ

ಕೆಲವು ಖಣಗಳು ಎಂದೂ ಟೇಲರಳ ಹತ್ತಿರ ಬರುವುದಿಲ್ಲ. ಅಳತೆಗೆ ಸಾಲದ, ಬಣ್ಣ ಬಿಡುವ ಖಣಗಳು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತವೆ, ಲಗ್ನದಿಂದ ಲಗ್ನಕ್ಕೆ ಸುತ್ತುತ್ತವೆ, ಯಾರೂ ತೊಡುವುದಿಲ್ಲ. ನನ್ನ ಪುಸ್ತಕ ಅಂಥದ್ದು. ಅದನ್ನು ಖಣದ ಮೇಲೆ ಇಟ್ಟು ಕೊಟ್ಟವಳೂ ನಾನೇ, ಯಾರನ್ನು ಬೈಯಲಿ?

ಉಳಿದ ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದೆ. ಇನ್ನು ಮುಂದೆ ಬರೆಯುವುದಿಲ್ಲ.

ಏಪ್ರಿಲ್ ೨೯, ಮಂಗಳವಾರ

ಬರೆಯುವಂಥದ್ದು ಏನಿಲ್ಲ.

ಮೇ ೧೬, ಶುಕ್ರವಾರ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಕೆಂಚವ್ವನ ಸೊಸೆ ಸುನೀತಾ ಇವತ್ತು ಅತ್ತೆಯ ಬ್ಲೌಜಿನ ಬಟ್ಟೆ ಹಿಡಿದು ಬಂದಳು. ಅಳತೆ ಬ್ಲೌಜು ಕೊಟ್ಟಳು. ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ತಿರುವುತ್ತ, “ಅಕ್ಕಾರ, ‘ಎರಡನೇ ಅಳತೆ’ ನೀವ ಬರದೀರೇನ್ರಿ?” ಅಂದಳು.

ಓದಿದ್ದಾಳೆ! ಪ್ಲಾಸ್ಟಿಕ್ಕು ಹರಿದು, ಮೊದಲಿನಿಂದ ಕೊನೆಯವರೆಗೆ ಓದಿದ್ದಾಳೆ. ಪಾರವ್ವ ತನ್ನ ಹಳೇ ಬ್ಲೌಜು ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರವಿ ಹೊಲಿಗೆ ಕಲಿಯುತ್ತಾಳಲ್ಲ, ಆ ಭಾಗ ಎರಡು ಸಲ ಓದಿದಳಂತೆ. ನನಗೆ ಅವಳನ್ನು ಮಿಷನ್ನಿನ ಮೇಲೆ ಕೂರಿಸಿ ಆರತಿ ಎತ್ತಬೇಕು ಅನ್ನಿಸಿತು. ಚಹಾ ಮಾಡಿಸಿದೆ. ಮತ್ತೇನು ಇಷ್ಟ ಆಯಿತು ಎಂದು ಕೇಳಿ ಕೇಳಿ ಅವಳ ಜೀವ ತಿಂದೆ.

ಆಗ ಅವಳು ಕೇಳಿದಳು: “ಕಡೇ ಪುಟದಾಗ ‘ಕೆಲವು ದಿನಗಳಾದ ಮೇಲೆ ಅತ್ತೆಯ ಮನಸ್ಸು ತಾನಾಗಿಯೇ ಕರಗಿತು’ ಅಂತ ಐತಿ. ಕೆಲವು ದಿನಾ ಅಂದ್ರ ಎಷ್ಟ ದಿನಾರಿ?”

“ಕಥಿಯೊಳಗ ಹಂಗ ಬರೀತಾರ ತಂಗಿ” ಅಂದೆ.

“ಹಂಗಲ್ರಿ. ನೀವು ಕಂಡಿದ್ದನ್ನ ಬರದಿರ್ತೀರಿ. ಹದಿನೈದ ದಿನಾ? ತಿಂಗಳಾ?”

ಹುಬ್ಬಳ್ಳಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ಪರೀಕ್ಷೆ ಉಳಿದಿದೆಯಂತೆ. ಪರೀಕ್ಷೆಗೆ ಕಟ್ಟಿಸುತ್ತೇವೆ ಎಂದು ಲಗ್ನಕ್ಕೆ ಮುಂಚೆ ಹೇಳಿದ್ದ ಕೆಂಚವ್ವ ಈಗ ಬರುವ ವರ್ಷ ನೋಡೋಣ ಅನ್ನುತ್ತಾಳೆ. ಗಂಡ “ಅವ್ವ ಅಂದಂಗ” ಅನ್ನುತ್ತಾನೆ. ಬರುವ ಶುಕ್ರವಾರ ಫಾರ್ಮು ತುಂಬುವ ಕೊನೆಯ ದಿನ.

“ಪಾರವ್ವ ಒಂದ ಮಾತೂ ಕೇಳಲಾರದ ತಡಕೊಂಡ್ಲಲ್ರಿ, ನಾನೂ ಹಂಗ ಇದ್ದೇನಿ. ಒಂದ ದಿನಾ ಎದುರು ಮಾತಾಡಿಲ್ಲ. ಇನ್ನೂ ಕರಗಿಲ್ರಿ.”

“ಇನ್ನೊಂದೀಟು ತಡಿಯವಾ” ಅಂದು ಕಳಿಸಿದೆ. ಬೇರೇನು ಹೇಳಬೇಕಿತ್ತು? ಕೆಂಚವ್ವ ನನ್ನ ಹಳೇ ಗಿರಾಕಿ, ಒಂದೇ ಓಣಿಯವರು. ಆದರೆ ನನ್ನ ಪುಸ್ತಕ ಓದುವವಳೊಬ್ಬಳು ಸಿಕ್ಕಳು! ಇವತ್ತಿಗೆ ಅಷ್ಟು ಸಾಕು.

ಮೇ ೧೭, ಶನಿವಾರ

ಅಷ್ಟು ಸಾಕಾಗಲಿಲ್ಲ. ಕೆಂಚವ್ವನ ಬ್ಲೌಜಿಗೆ ತೋಳು ಉಲ್ಟಾ ಹಚ್ಚಿ ಬಿಚ್ಚಿದೆ.

ಆ ವಾಕ್ಯ ಹೇಗೆ ಬಂತು ಎನ್ನುವುದು ನನಗೆ ಗೊತ್ತಿದೆ. ಪ್ರೆಸ್ಸಿನಲ್ಲಿ ಹದಿನಾರು ಪುಟಕ್ಕೆ ಒಂದು ಫಾರ್ಮು, ಆರು ಫಾರ್ಮಿಗೆ ತೊಂಬತ್ತಾರು ಪುಟ. ನನ್ನ ಕಥೆ ಅದನ್ನು ದಾಟಿ ಏಳು ಪುಟ ಹೆಚ್ಚಾಗಿತ್ತು. “ಏಳ ಪುಟಕ್ಕ ಇನ್ನೊಂದು ಫಾರ್ಮ್ ಬ್ಯಾಡ್ರಿ ಅಕ್ಕಾರ, ಕಡೀಕ ಜರಾ ಜಗ್ಗಿ ಕಟ್ರಿ” ಅಂದರು ಪ್ರೆಸ್ಸಿನವರು. ಕಡೆಯ ಅಧ್ಯಾಯ ಪೂರ್ತಿ ತೆಗೆದೆ. ಎರಡು ಬ್ಲೌಜುಗಳ ನಡುವೆ, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ, ಆ ಒಂದು ವಾಕ್ಯ ಬರೆದು ಕಳಿಸಿದೆ.

ನಿಜ ಹೇಳಬೇಕೆಂದರೆ ತೆಗೆದಾಗ ಜೀವಕ್ಕೆ ಹಗುರಾಗಿತ್ತು. ಏಳು ಪುಟ ಬರೆದರೂ ಆ ಅತ್ತೆ ಕರಗಿರಲಿಲ್ಲ. ಯಾಕೆ ಕರಗುತ್ತಾಳೆ, ಹೇಗೆ ಕರಗುತ್ತಾಳೆ ನನಗೇ ತಿಳಿದಿರಲಿಲ್ಲ. ಒಂದು ವಾಕ್ಯದಲ್ಲಿ ಕರಗಿಬಿಟ್ಟಳು. ಅದಕ್ಕೇ ಚಪ್ಪಾಳೆ ಬಿತ್ತು.

ಈಗ ಒಂದು ಹುಡುಗಿ ಅದನ್ನು ನಂಬಿಕೊಂಡು ಪಾತ್ರೆ ತಿಕ್ಕುತ್ತ ಕಾಯುತ್ತಿದ್ದಾಳೆ.

ಮೇ ೧೯, ಸೋಮವಾರ

ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಎರಡು ಹರಳು ಆರಿಸಿ ಕೇಳಿದೆ:

“ಅತ್ತೀ, ನಾ ಮಿಷನ್ ತಂದಾಗ ನಿಮ್ಮ ಮನಸ್ಸು ಎಷ್ಟು ದಿನಕ್ಕ ಕರಗಿತ್ರಿ?”

“ಕರಗಿಲ್ಲಬೇ” ಅಂದರು, ಮೊರದಿಂದ ಕಣ್ಣು ಎತ್ತದೆ. “ನೀ ನನ್ನ ಕೇಳಲಾರದ ತಂದಿ. ನವಲಗುಂದದಿಂದ ಟಂಟಂ ಗಾಡ್ಯಾಗ ಹೇರಿಕೊಂಡು ಬಂದು ಇಲ್ಲೇ ಇಟ್ಟಿ. ಬಂದ ಮಿಷನ್ ಹೊರಗ ಒಗಿಯಾಕ ಬರ್ತೈತೇನು? ಮಂದಿ ನಗ್ತಿದ್ರು.”

“ಮಳಿ ಬಂದು ಸೋರಿದಾಗ ಅದರ ಮ್ಯಾಲ ನಿಮ್ಮ ಕೌದಿ ಹೊಚ್ಚಿದ್ರೆಲ್ಲ?”

“ಕಬ್ಬಿಣ ಐತಿ, ಜಂಗ ಹಿಡೀತೈತಿ. ಅದರಾಗ ಮನಸ್ಸ್ಯಾಕ ತರ್ತಿ?”

ಎಷ್ಟು ಚೆನ್ನಾಗಿ ಮರೆತಿದ್ದೆ! ಪಾರವ್ವನ ಹಾಗೆ ತುಟಿ ಬಿಚ್ಚದೆ ಕಾದವಳು ನಾನೇ ಎಂದು ಇಷ್ಟು ವರ್ಷ ನಂಬಿದ್ದೆ. ಕಾದದ್ದೂ ನಿಜ. ಕಾದು ಸಾಕಾಗಿ, ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿದ್ದೂ ನಾನೇ. ತಂದ ಮೇಲೆ ಈ ಪುಣ್ಯಾತ್ಗಿತ್ತಿ ಆರು ತಿಂಗಳು ನನ್ನ ಕೂಡ ನೆಟ್ಟಗೆ ಮಾತಾಡಿರಲಿಲ್ಲ. ಆಮೇಲೆ ಒಂದು ಸಂಜೆ ಹರಿದ ಕುಬಸ ತಂದು ಮಿಷನ್ನಿನ ಮೇಲೆ ಎಸೆದಿದ್ದರು. ಅದನ್ನೆಲ್ಲ ಯಾಕೆ ಬರೆಯಲಿಲ್ಲ? ಬರೆದರೆ ನಾನು ಹಟಮಾರಿಯಾಗಿ ಕಾಣುತ್ತೇನೆ ಎಂದು ಇರಬೇಕು.

ಮೇ ೨೧, ಬುಧವಾರ

ಹೋಗಿ ಬಂದೆ.

ಬ್ಲೌಜು ತೊಡಿಸಿ ನೋಡುವ ನೆಪ ಮಾಡಿಕೊಂಡು ಕೆಂಚವ್ವನ ಮನೆಗೆ ಹೋದೆ. ಟೇಲರು ಮನೆಗೆ ಬರುವುದು ಎಲ್ಲಾದರೂ ಉಂಟೇ, ಅವಳಿಗೆ ಆಗಲೇ ಅನುಮಾನ. ಸುನೀತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೂರಲೂ ಇಲ್ಲ.

“ತಂಗಿ, ಅವತ್ತ ನೀ ಕೇಳಿದ್ದಕ್ಕ ನಾ ಬರೋಬ್ಬರಿ ಉತ್ತರ ಕೊಡಲಿಲ್ಲ. ಪುಸ್ತಕದಾಗ ಕಡೀಕ ಬರದದ್ದು ಸುಳ್ಳು. ನಮ್ಮತ್ತಿ ಮನಸ್ಸು ಕರಗಲಿಲ್ಲ. ನಾ ಕೇಳಲಾರದ ಹೋಗಿ ಮಿಷನ್ ತಂದೆ.”

ರೊಟ್ಟಿಯ ಸಪ್ಪಳ ನಿಂತಿತು.

“ಏನ್ ಹೇಳಾಕ ಬಂದಿ ನಮ್ಮ ಮನ್ಯಾಗ?” ಅಂದಳು ಕೆಂಚವ್ವ.

“ಕೆಂಚಕ್ಕಾ, ನಿಮ್ಮ ಮುಂದ ಹೇಳಬೇಕಂತನ ಬಂದೇನಿ. ಹಿಂದ ಹೇಳಿದ್ರ ಕಿವಿ ಊದಿದಂಗ ಆಕ್ಕತಿ. ಈ ಹುಡುಗಿ ನಾ ಬರದದ್ದನ್ನ ನಂಬಿ ನಿಮ್ಮ ಮನಸ್ಸು ಕರಗೂದನ್ನ ಕಾಯಾಕತ್ತಾಳ. ನಾಡದು ಫಾರ್ಮ್ ತುಂಬೂ ಕಡೀ ದಿನಾ.”

“ಓದಿ ಏನ್ ಕಡೀತಾಳ? ಬರೂ ವರ್ಷ ನೋಡೂಣು ಅಂದೇನೆಲ್ಲ. ನನ್ನತ್ತಿ ನನ್ನ ತವರಿಗೂ ಕಳಿಸ್ತಿರಲಿಲ್ಲ, ನಾ ಸತ್ನೇನು? ಪುಸ್ತಕ ಬರದು ಮಂದಿ ಮನಿ ಮುರಿಯಾಕ ನಿಂತೀಯೇನು ನೀ?”

ಇನ್ನೂ ಬಹಳ ಅಂದಳು. ಅಂಗಳದಲ್ಲಿ ನಾಲ್ಕು ಮಂದಿ ನೆರೆದರು. ಸುನೀತಾ ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಹೊರಟು ಬಂದೆ.

ಮೇ ೨೨, ಗುರುವಾರ

ಕೆಂಚವ್ವ ಅರ್ಧ ಹೊಲಿದ ಬ್ಲೌಜನ್ನೇ ವಾಪಸು ತರಿಸಿಕೊಂಡಳು. ಅವಳ ನಾದಿನಿಯೂ ತನ್ನ ಬಟ್ಟೆ ತರಿಸಿಕೊಂಡಳು. ಯಜಮಾನರು “ಹೇಳಿದ್ದು ಖರೇ ಇದ್ರ ಸುಮ್ನಿರು” ಅಂದು ಟ್ರ್ಯಾಕ್ಟರ್ ಹತ್ತಿದರು. ಜೈನಬಿ ಮಾತ್ರ ಮೂರು ಸಲ ಬಂದು, ಏನಾಯಿತು ಎಂದು ಪೂರ್ತಿ ಕೇಳಿಕೊಂಡು ಹೋದಳು.

ಕೆಲಸ ಕಡಿಮೆಯಾದ್ದರಿಂದ ಟಂಟಂ ಬಂದ ದಿನದ ಬಗ್ಗೆ ಏನೋ ಗೀಚುತ್ತ ಕೂತಿದ್ದೆ. ಡ್ರೈವರು ಮಿಷನ್ ಇಳಿಸುವಾಗ ಅತ್ತೆ ಎಲ್ಲಿ ನಿಂತಿದ್ದರು ಎನ್ನುವುದು ನೆನಪಾಗಲಿಲ್ಲ. ಕೇಳಿದೆ. “ಬಾಗಲಾ ಹಿಡಕೊಂಡಿದ್ದೆ, ಗ್ವಾಡಿಗೆ ಬಡೀಬಾರದಂತ” ಅಂದರು. ಅದನ್ನೂ ಬರೆದುಕೊಂಡೆ.

ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಲೇ ಇದ್ದೆ. ಸುನೀತಾ ಕಾಣಲಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆದರೆ ಹೊಸಿಲು ದಾಟುವುದು ಪುಕ್ಕಟೆ ಅಲ್ಲವಲ್ಲ.

ಮೇ ೨೩, ಶುಕ್ರವಾರ

ಬಾಗಿಲು ತೆರೆಯುವಷ್ಟರಲ್ಲಿ ಕೆಂಚವ್ವ ಬಂದು ನಿಂತಿದ್ದಳು. ತಲೆ ಬಾಚಿರಲಿಲ್ಲ.

“ರೊಟ್ಟಿ ಬಡದಿಟ್ಟಾಳ, ನೀರ ತುಂಬಿಟ್ಟಾಳ. ‘ಹುಬ್ಬಳ್ಳಿಗೆ ಹೋಗಿ ಫಾರ್ಮ್ ತುಂಬಿ ಬರ್ತೇನ್ರಿ ಅತ್ತಿ’ ಅಂದ್ಲು. ಕೇಳ್ಲಿಲ್ಲ ಸುವರ್ಣಾ, ಹೇಳಿದ್ಲು! ನನ್ನ ಬಾಯಾಗ ಮಾತ ಬರೂದ್ರಾಗ ಬಸ್ ಹೋತು.”

ಬೈಯಲು ಬಂದವಳು ಅಲ್ಲೇ ಕುಸಿದು ಕೂತಳು. ಮನೆಯ ಮುಂಭಾಗದಲ್ಲಿರುವ ನನ್ನ ಅಂಗಡಿಯಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತದೆ. ಅದಕ್ಕೇ ಬಂದಿದ್ದಳು ಎಂದು ಆಮೇಲೆ ತಿಳಿಯಿತು. “ಹಂಗ ಕುಂದಗೋಳಕ್ಕ ತವರಿಗೆ ಹೋಗಿಬಿಟ್ರ? ಲಗ್ನಾಗಿ ಇನ್ನ ಎರಡ ತಿಂಗಳ ಆಗಿಲ್ಲ, ಊರ ಮಂದಿಗೆ ಹೆಂಗ ಮಾರಿ ತೋರಿಸ್ಲಿ?” ಎಂದು ನನ್ನನ್ನು ಬೈದಳು, ಮಗನನ್ನು ಬೈದಳು, ಕಾಲೇಜನ್ನು ಬೈದಳು. ಆ ಭಯ ನನಗೂ ಇತ್ತು. ಹುಡುಗಿ ಬರದಿದ್ದರೆ ಅದರ ಪಾಲು ನನ್ನ ತಲೆಯ ಮೇಲೇ.

ನಮ್ಮ ಅತ್ತೆ ಚಹಾ ತಂದು ಕೊಟ್ಟು ಅವಳ ಪಕ್ಕ ಕೂತರು. “ತಾ ಹೋಗ್ತೇನಂತ ಹೇಳಿ ಹೋದಾಕಿ ಬರ್ತಾಳ. ಹೇಳಲಾರದ ಹೋಗ್ತಾರಲ್ಲ, ಅವರ ಚಿಂತಿ ಮಾಡಬೇಕು. ಈಕಿ ಹೇಳಲಾರದ ಹೋಗಿದ್ಲು, ಆದ್ರೂ ಬಂದ್ಲು. ಬಂದು ನನ್ನ ತಲಿ ಮ್ಯಾಲ ಕುಂತಾಳ ನೋಡು” ಎಂದು ನನ್ನನ್ನು ತೋರಿಸಿದರು. ಕೆಂಚವ್ವ ಚಹಾ ಕುಡಿದಳು. ಆಮೇಲೆ ಇಬ್ಬರೂ ಸೇರಿ ತಮ್ಮ ತಮ್ಮ ಅತ್ತೆಯರನ್ನು ಬೈಯುತ್ತ ಹೊತ್ತು ಕಳೆದರು.

ಮಧ್ಯಾಹ್ನ ಪ್ರಾಧ್ಯಾಪಕರ ಫೋನು ಬಂದಿತ್ತು. ಯಾವುದೋ ಪ್ರಶಸ್ತಿಗೆ ಪುಸ್ತಕ ಕಳಿಸಲು ಇವತ್ತೇ ಕೊನೆಯಂತೆ. ಹೂಂ ಅಂದಿದ್ದೆ, ಮರೆತೇಹೋಯಿತು.

ಹೊತ್ತು ಇಳಿದಾಗ ಒಂದು ಬಸ್ಸು ಬಂತು. ಅದರಲ್ಲಿ ಇರಲಿಲ್ಲ. ಕೆಂಚವ್ವ ನನ್ನ ಕೈ ಹಿಡಿದುಕೊಂಡಳು, ನಿನ್ನೆಯಷ್ಟೇ ಬ್ಲೌಜು ವಾಪಸು ತರಿಸಿಕೊಂಡವಳು. ಮುಂದಿನ ಬಸ್ಸಿನಲ್ಲಿ ಸುನೀತಾ ಇಳಿದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಅತ್ತೆಯನ್ನು ಕಂಡು ನಿಂತಲ್ಲೇ ನಿಂತಳು.

ಕೆಂಚವ್ವ ರಸ್ತೆ ದಾಟಿ ಹೋದಳು. ಹೊಡೆಯುತ್ತಾಳೆ ಎಂದು ನಾನು ಅರ್ಧ ಓಡಿದೆ.

“ಫಾರ್ಮ್ ತುಂಬಿದ್ಯೇನು?”

“ತುಂಬಿದೇನ್ರಿ.”

“ಉಂಡಿಯೋ ಇಲ್ಲೋ?”

“ಇಲ್ರಿ.”

“ಬಿ.ಎ. ಕಲಿಯಾಕಿಗೆ ಉಣಬೇಕಂತ ತಿಳಿಯೂದಿಲ್ಲೇನು? ನಡಿ, ರೊಟ್ಟಿ ಮುಚ್ಚಿಟ್ಟೇನಿ, ಒಣಗಿ ಕಟಕ ಆಗಿರಬೇಕು.”

ಚೀಲ ಇಸಿದುಕೊಳ್ಳಲಿಲ್ಲ. ನಗಲಿಲ್ಲ. ಮುಂದೆ ಅವಳು, ಹಿಂದೆ ಸೊಸೆ, ನಡುವೆ ಎರಡು ಮಾರು ಅಂತರ. ಸುನೀತಾ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ನಾನು ಬಾಗಿಲಲ್ಲಿ ಕಣ್ಣು ಒರೆಸುತ್ತ ನಿಂತಿದ್ದೆ. ಓಣಿಯ ತಿರುವಿನಲ್ಲಿ ಕೆಂಚವ್ವ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಏ ಸುವರ್ಣಾ, ನೀ ಇದನ್ನೂ ಬರೀತಿ, ನಂಗ ಗೊತ್ತೈತಿ. ಬರಕೋ. ಆದ್ರ ನನ್ನ ಮನಸ್ಸು ಕರಗಿತು ಅಂತ ಮಾತ್ರ ಬರೀಬ್ಯಾಡ!”